ಕೋಚ್ ಹೇಗೆ ಅಂತ ಬೆಂಚನ್ನು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಫುಟ್‌ಬಾಲ್ ಕೋಚ್‌ಗಳ ಸ್ವಭಾವದ ಬಗ್ಗೆ ಒಂದು ಪತ್ರ ಬಂದಿತ್ತು. ಕೋಚ್ ಆದವನು ಆಟಗಾರರ ಹೆಗಲ ಮೇಲೆ ಕೈ ಹಾಕಬೇಕು, ನಗಬೇಕು, ಮನೆಯವರ ಕ್ಷೇಮ ವಿಚಾರಿಸಬೇಕು; ಮುಖ ಬಿಗಿದುಕೊಂಡು ಓಡಾಡುವವನು ಎಷ್ಟೇ ಬುದ್ಧಿವಂತನಾದರೂ ಗೆಲ್ಲುವುದಿಲ್ಲ ಎಂದು ಬರೆದಿದ್ದರು. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನಲ್ಲಿದ್ದಾಗ ಕೋಚ್ ಯೂರ್ಗನ್ ಕ್ಲಾಪ್ ಆಟಗಾರರನ್ನು ತಬ್ಬಿಕೊಳ್ಳುತ್ತಿದ್ದುದನ್ನು ಉದಾಹರಣೆ ಕೊಟ್ಟಿದ್ದರು. ಓದಲು ಚೆನ್ನಾಗಿತ್ತು. ಒಪ್ಪಲು ಮಾತ್ರ ನನ್ನಿಂದ ಆಗಲಿಲ್ಲ.

ನಾನು ದೊಡ್ಡ ಆಟಗಾರನಲ್ಲ, ಕೋಚ್ ಅಂತೂ ಅಲ್ಲವೇ ಅಲ್ಲ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಪಂದ್ಯಗಳಿಗೆ ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡಿದವನು. ಲೈನ್ಸ್‌ಮನ್. ಜನ ಬೈಯಲಿ ಅಂತಲೇ ಇಟ್ಟಿರುವ ಕೆಲಸ ಅದು. ಬೆಳಿಗ್ಗೆ ಫ್ಯಾಕ್ಟರಿ ಶಿಫ್ಟ್, ಮಧ್ಯಾಹ್ನ ಮೈದಾನ. ಎಚ್‌ಎಎಲ್, ಐಟಿಐ ಕಾರ್ಖಾನೆಗಳ, ಸೇನೆಯ ಎಂಇಜಿಯ ತಂಡಗಳ ಹೆಸರು ಕೇಳಿದರೆ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಕೆಲಸ ಬಿಟ್ಟು ಓಡಿ ಬರುತ್ತಿದ್ದ ಕಾಲ. ಆಟಗಾರರು ಹೆಸರಿಗೆ ನೌಕರರು, ನಿಜವಾಗಿ ಫುಟ್‌ಬಾಲ್‌ನಿಂದಲೇ ಅನ್ನ ತಿನ್ನುವವರು. ಆದ್ದರಿಂದ ಅವರನ್ನೂ ವೃತ್ತಿಪರರು ಅಂತಲೇ ಕರೆಯುತ್ತೇನೆ.

ಲೈನ್ಸ್‌ಮನ್‌ಗೆ ಒಂದು ಅನುಕೂಲ ಇದೆ. ಬೆಂಚ್, ಅಂದರೆ ಕೋಚ್ ಮತ್ತು ಬದಲಿ ಆಟಗಾರರು ಕೂರುವ ಜಾಗ, ಇರುವ ಕಡೆ ಗೆರೆ ಸಿಕ್ಕರೆ ಅರ್ಧ ಮೈದಾನದಷ್ಟು ದೂರ ಅವನು ಓಡುವುದು ಒಂದು ತಂಡದ ಕೋಚ್ ಮುಂದೆಯೇ. ಇನ್ನು ಬದಲಿ ಆಟಗಾರರು ವಾರ್ಮ್ ಅಪ್ ಮಾಡುವುದು ಅವನ ಬೆನ್ನ ಹಿಂದೆ. ಲೈನ್ಸ್‌ಮನ್‌ಗೆ ಕಣ್ಣಿಲ್ಲ ಎಂದು ಎಲ್ಲರೂ ಕೂಗುತ್ತಾರೆ. ಕಿವಿ ಇದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ಆ ಹುಡುಗರು ಕೋಚ್ ಬಗ್ಗೆ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಅಲ್ಲಿ ಆಡಿಕೊಳ್ಳುತ್ತಿದ್ದರು.

ನಮ್ಮ ಲೀಗ್‌ನಲ್ಲಿ ಒಬ್ಬ ಕೋಚ್ ಇದ್ದ. ಹೆಸರು, ತಂಡ ಬೇಡ. ತಮಿಳು, ಉರ್ದು, ಕನ್ನಡ ಮೂರನ್ನೂ ಕಲಸಿ ಬೈಯುತ್ತಿದ್ದ. ಒಂದು ತಪ್ಪು ಪಾಸ್ ಹೋಯಿತು ಅಂದರೆ ಆ ಹುಡುಗನ ವಂಶವೆಲ್ಲ ಮೈದಾನಕ್ಕೆ ಬರುತ್ತಿತ್ತು. ರೆಫರಿಯನ್ನು ಕರೆದು ಎಚ್ಚರಿಕೆ ಕೊಡಿಸಿದ್ದೇನೆ. ಆದರೆ ಅವನ ಬೆಂಚಿನ ಹುಡುಗರು ನನ್ನ ಬೆನ್ನ ಹಿಂದೆ ಅವನನ್ನು ಬೈದದ್ದು ನನ್ನ ಕಿವಿಗೆ ಬಿದ್ದೇ ಇಲ್ಲ. 'ಆ ಬ್ಯಾಕ್ ಸುಸ್ತಾಗಿದ್ದಾನೆ, ಎಪ್ಪತ್ತನೇ ನಿಮಿಷಕ್ಕೆ ನನ್ನನ್ನು ಇಳಿಸುತ್ತಾರೆ ನೋಡು' ಎಂಬಂಥ ಮಾತುಗಳೇ ಜಾಸ್ತಿ. ಹೇಗೆ ಗೊತ್ತು ಅಂತ ಒಂದು ಸಲ ಒಬ್ಬನನ್ನು ಕೇಳಿದೆ. ಗುರುವಾರದ ಅಭ್ಯಾಸದಲ್ಲೇ ಹೇಳಿದ್ದಾರೆ ಸಾರ್ ಅಂದ. ಯಾಕೆ ಆಡಿಸುತ್ತಿಲ್ಲ, ಯಾವಾಗ ಇಳಿಸುತ್ತೇನೆ, ಇಳಿದ ಮೇಲೆ ಏನು ಮಾಡಬೇಕು, ಎಲ್ಲವನ್ನೂ ಆ ಬೈಗುಳದ ಬಾಯಿಯಿಂದಲೇ ಮೊದಲೇ ಹೇಳುತ್ತಿದ್ದನಂತೆ.

ಇನ್ನೊಬ್ಬ ಕೋಚ್ ಬೆಣ್ಣೆಯಂಥ ಮನುಷ್ಯ. ಎಲ್ಲರನ್ನೂ 'ಬಾ ಮಗನೇ' ಅಂತಲೇ ಕರೆಯುವುದು. ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕುವುದು. ನನಗೂ ಮೈದಾನದ ಹೊರಗೆ ಬಹಳ ಬೇಕಾದವನು. ಆದರೆ ಪಂದ್ಯದ ದಿನ ಟೀಮ್ ಲಿಸ್ಟನ್ನು ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಅಂಟಿಸಿ ಟೀ ಕುಡಿಯಲು ಹೋಗಿಬಿಡುತ್ತಿದ್ದ. ಹೆಸರಿಲ್ಲದವರ ಮುಖ ನೋಡಲು ಅವನಿಂದ ಆಗುತ್ತಿರಲಿಲ್ಲ. ಮನಸ್ಸು ಅಷ್ಟು ಮೃದು! ಆ ತಂಡದ ಬದಲಿ ಆಟಗಾರರು ನನ್ನ ಹಿಂದೆ ಆಡುತ್ತಿದ್ದ ಮಾತುಗಳನ್ನು ನೀವು ಅಚ್ಚು ಹಾಕಲಾರಿರಿ. ತಮ್ಮದೇ ತಂಡಕ್ಕೆ ಗೋಲು ಬಿದ್ದಾಗ ಹಿಂದೆ ಮೆಲ್ಲಗೆ ನಕ್ಕದ್ದೂ ಕೇಳಿಸಿದೆ.

ನನ್ನ ವಾದ ಇಷ್ಟೇ. ಆಡುವ ಹನ್ನೊಂದು ಜನಕ್ಕೆ ಕೋಚ್ ನಕ್ಕರೇನು, ಬೈದರೇನು. ಅವನಿಗೆ ಆಟ ಸಿಕ್ಕಿದೆ, ಪೇಪರಿನಲ್ಲಿ ಹೆಸರು ಬರುತ್ತದೆ, ಮುಂದಿನ ವರ್ಷದ ಕಾಂಟ್ರ್ಯಾಕ್ಟ್ ಹತ್ತಿರವಾಗಿದೆ. ಅವನು ಎಂಥ ಕೋಚನ್ನಾದರೂ ಸಹಿಸುತ್ತಾನೆ. ಕೋಚ್‌ನ ಗುಣ ಪರೀಕ್ಷೆಗೆ ಬೀಳುವುದು ಆಡದವನ ಹತ್ತಿರ. ಅಲ್ಲಿ ಸಿಹಿ ಮಾತು ಕೆಲಸಕ್ಕೆ ಬರುವುದಿಲ್ಲ. 'ನಿನ್ನನ್ನು ಈ ಕಾರಣಕ್ಕೆ ಕೂರಿಸಿದ್ದೇನೆ' ಎಂದು ಮುಖ ನೋಡಿ ಹೇಳುವ ಧೈರ್ಯ ಬೇಕು.

ಇದು ಬರೀ ನಮ್ಮ ಅಶೋಕನಗರದ ಮಾತಲ್ಲ. ಪತ್ರದಲ್ಲಿ ಹೊಗಳಿದ್ದ ಕ್ಲಾಪ್ ಅವರನ್ನೇ ತೆಗೆದುಕೊಳ್ಳಿ. ಅವರ ಪ್ರೀತಿ ನಾಟಕ ಅಂತ ನಾನು ಹೇಳುವುದಿಲ್ಲ. 2019ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್, 2020ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟವರು. ಆದರೆ ಅದೇ ಕ್ಲಾಪ್ 2016ರಲ್ಲಿ ಅಮೆರಿಕ ಪ್ರವಾಸದ ನಡುವೆಯೇ ಮಮಾದು ಸಾಖೊ ಎಂಬ ಡಿಫೆಂಡರನ್ನು ವಾಪಸು ಕಳಿಸಿದರು. ವಿಮಾನಕ್ಕೆ ತಡ, ಚಿಕಿತ್ಸೆಗೆ ಗೈರು, ಊಟಕ್ಕೆ ತಡ. ಸಾಖೊ ಆಮೇಲೆ ಲಿವರ್‌ಪೂಲ್‌ನ ಮುಖ್ಯ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಇನ್ನು 2024ರ ಏಪ್ರಿಲ್‌ನಲ್ಲಿ, ವೆಸ್ಟ್ ಹ್ಯಾಮ್ ವಿರುದ್ಧದ ಪಂದ್ಯ. ಲಿವರ್‌ಪೂಲ್‌ನ ತಾರೆ ಮೊಹಮ್ಮದ್ ಸಲಾ ಬೆಂಚಿನಲ್ಲಿದ್ದರು. ಕೊನೆಗೆ ಇಳಿಸಲು ಕರೆದಾಗ ಗೆರೆಯ ಪಕ್ಕದಲ್ಲೇ ಇಬ್ಬರಿಗೂ ಜಟಾಪಟಿ. ಟಿವಿಯಲ್ಲಿ ಎಲ್ಲರೂ ನೋಡಿದರು. ನಾನು ಬಾಯಿ ಬಿಟ್ಟರೆ ಬೆಂಕಿ ಬೀಳುತ್ತದೆ ಅನ್ನುವ ಅರ್ಥದ ಮಾತು ಹೇಳಿ ಸಲಾ ಹೊರಟರು. ವರ್ಷಗಟ್ಟಲೆ ತಬ್ಬಿಕೊಂಡ ಕೈಗಳೇ ಅಲ್ವಾ? ಬೆಂಚಿನ ಮೇಲೆ ಕೂತವನಿಗೆ ಅದು ನೆನಪಾಗಲಿಲ್ಲ. ಗೆರೆಯ ಪಕ್ಕ ಬಾವುಟ ಹಿಡಿದು ನಿಂತವನ ಕಷ್ಟ ನನಗೆ ಮಾತ್ರ ಅರ್ಥವಾಯಿತು ಅನಿಸುತ್ತದೆ.

ಈಗ ಅಲೆಕ್ಸ್ ಫರ್ಗ್ಯುಸನ್. 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್, 13 ಪ್ರೀಮಿಯರ್ ಲೀಗ್ ಪ್ರಶಸ್ತಿ. ಬೈಯಲು ನಿಂತರೆ ಹೇರ್ ಡ್ರೈಯರ್‌ನ ಬಿಸಿ ಗಾಳಿ ಮುಖಕ್ಕೆ ಹೊಡೆದ ಹಾಗೆ ಅಂತ ಅವರ ಆಟಗಾರರೇ ಹೇಳುತ್ತಿದ್ದರು. 2003ರಲ್ಲಿ ಆರ್ಸೆನಲ್ ವಿರುದ್ಧ ಸೋತ ಸಿಟ್ಟಿಗೆ ಫರ್ಗ್ಯುಸನ್ ಒದ್ದ ಬೂಟು ಹಾರಿ ತಮ್ಮದೇ ಆಟಗಾರ ಡೇವಿಡ್ ಬೆಕಮ್ ಹುಬ್ಬಿಗೆ ತಗುಲಿ ಗಾಯವಾಯಿತು. ಅದೇ ವರ್ಷ ಬೆಕಮ್ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಬೆಚ್ಚಗಿನ ಮನುಷ್ಯ ಅನ್ನಲು ಆಗುತ್ತದೆಯೇ? ಆದರೆ ಅವರ ಬೆಂಚನ್ನು ನೋಡಿ. 1999ರ ಚಾಂಪಿಯನ್ಸ್ ಲೀಗ್ ಫೈನಲ್, ಬಾರ್ಸಿಲೋನಾದಲ್ಲಿ. ತೊಂಬತ್ತು ನಿಮಿಷ ಮುಗಿದರೂ ಬಯರ್ನ್ ಮ್ಯೂನಿಕ್ ಒಂದು ಗೋಲು ಮುಂದೆ. ಹೆಚ್ಚುವರಿ ಕೊಟ್ಟ ನಿಮಿಷಗಳಲ್ಲಿ ಯುನೈಟೆಡ್‌ಗೆ ಎರಡು ಗೋಲು ಬಂದವು. ಹೊಡೆದವರು ಟೆಡ್ಡಿ ಶೆರಿಂಗಮ್ ಮತ್ತು ಓಲೆ ಗುನ್ನಾರ್ ಸೋಲ್ಶಾರ್. ಇಬ್ಬರೂ ಬೆಂಚಿನಿಂದ ಇಳಿದವರು. ಅದೇ ವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಸೋಲ್ಶಾರ್ ಕೊನೆಯಲ್ಲಿ ಇಳಿದು ನಾಲ್ಕು ಗೋಲು ಹೊಡೆದಿದ್ದರು. ಬೆಂಚಿನಲ್ಲಿ ಕೂತು ಎದುರಿನ ಡಿಫೆಂಡರ್‌ಗಳು ಎಲ್ಲಿ ತಪ್ಪುತ್ತಿದ್ದಾರೆ ಎಂದು ನೋಡುತ್ತಿದ್ದೆ ಎಂದು ಅವರೇ ಹೇಳಿದ್ದಾರೆ. ಬೇರೆ ಯಾವ ಕ್ಲಬ್‌ನಲ್ಲಾದರೂ ಖಾಯಂ ಜಾಗ ಸಿಗುತ್ತಿತ್ತು ಅವರಿಗೆ. ಆದರೂ ಆ ಬೆಂಕಿಯಂಥ ಮನುಷ್ಯನ ಬೆಂಚಿನಲ್ಲಿ 2007ರ ತನಕ ಉಳಿದರು. ತಾನು ಅಲ್ಲಿ ಯಾಕೆ ಕೂತಿದ್ದೇನೆ ಅಂತ ಗೊತ್ತಿದ್ದವನು ಮಾತ್ರ ಹಾಗೆ ಉಳಿಯುತ್ತಾನೆ.

ಫರ್ಗ್ಯುಸನ್ ಬೆಂಚಿನ ಇನ್ನೊಂದು ಕಥೆ ಅಷ್ಟು ಸುಖದ್ದಲ್ಲ. ಅದನ್ನೂ ಹೇಳಬೇಕು. 1990ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 3-3 ಡ್ರಾ ಆಯಿತು. ಯುನೈಟೆಡ್ ಗೋಲ್‌ಕೀಪರ್ ಜಿಮ್ ಲೇಟನ್. ಹಿಂದಿನ ಅಬರ್ಡೀನ್ ಕ್ಲಬ್‌ನ ಕಾಲದಿಂದ ಫರ್ಗ್ಯುಸನ್ ಜೊತೆ ಇದ್ದವರು. ಮರುಪಂದ್ಯಕ್ಕೆ ಅವರನ್ನು ಬಿಟ್ಟು ಲೆಸ್ ಸೀಲಿಯನ್ನು ಆಡಿಸಿದರು. ಯುನೈಟೆಡ್ 1-0ರಿಂದ ಗೆದ್ದಿತು. ಆ ಕ್ಲಬ್‌ನಲ್ಲಿ ಫರ್ಗ್ಯುಸನ್ ಗೆದ್ದ ಮೊದಲ ಕಪ್ ಅದು. ಸೀಲಿ ತನ್ನ ಪದಕವನ್ನು ಲೇಟನ್‌ಗೆ ಕೊಡಲು ಹೋದರು. ಫರ್ಗ್ಯುಸನ್ ಮತ್ತು ಲೇಟನ್ ನಡುವಿನ ಸಂಬಂಧ ಮಾತ್ರ ಮತ್ತೆ ಸರಿಹೋಗಲೇ ಇಲ್ಲ. ಅಂದರೆ ಕೆಲವು ಗಾಯಕ್ಕೆ ಯಾವ ಮಾತೂ ಮದ್ದಲ್ಲ. ಗೆಲ್ಲುವ ಕೋಚ್ ಅದನ್ನೂ ಹೊತ್ತುಕೊಂಡೇ ಹೋಗುತ್ತಾನೆ. ಎಲ್ಲರಿಗೂ ಒಳ್ಳೆಯವನಾಗಬೇಕು ಎಂದು ಹೊರಟವನು ಆ ಮರುಪಂದ್ಯಕ್ಕೂ ಲೇಟನ್‌ರನ್ನೇ ಇಳಿಸುತ್ತಿದ್ದ.

ಜೋಸ್ ಮೊರಿನ್ಯೊ ಬಗ್ಗೆ ಜಾಸ್ತಿ ಬೇಡ, ಅವರ ಬಗ್ಗೆ ಎಲ್ಲರೂ ಬರೆದಾಗಿದೆ. ಒಂದೇ ಮಾತು. 2010ರಲ್ಲಿ ಇಂಟರ್ ಮಿಲಾನ್ ಯುರೋಪಿನ ಕಪ್ ಗೆದ್ದ ರಾತ್ರಿ ಅದರ ಕೋಚ್ ಮೊರಿನ್ಯೊ ಕ್ಲಬ್ ಬಿಟ್ಟು ಹೊರಟರು. ಸ್ಟೇಡಿಯಂ ಹೊರಗೆ ಕಾರಿನ ಪಕ್ಕ ನಿಂತು ಅವರನ್ನು ತಬ್ಬಿ ಅತ್ತವರು ಮಾರ್ಕೊ ಮಾಟೆರಾಟ್ಸಿ. ಫೈನಲ್‌ನಲ್ಲಿ ಕೊನೆಯ ಕ್ಷಣಕ್ಕೆ ಇಳಿದ ಬದಲಿ ಆಟಗಾರ! ಅದೇ ಮೊರಿನ್ಯೊ 2015ರಲ್ಲಿ ಚೆಲ್ಸಿಗೆ ಲೀಗ್ ಗೆದ್ದುಕೊಟ್ಟು, ಆಟಗಾರರು ನನ್ನ ಕೆಲಸಕ್ಕೆ ದ್ರೋಹ ಮಾಡಿದರು ಎಂದು ಟಿವಿ ಮುಂದೆ ಹೇಳಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಮನುಷ್ಯ ಒಬ್ಬನೇ, ಸ್ವಭಾವವೂ ಒಂದೇ. ಡ್ರೆಸ್ಸಿಂಗ್ ರೂಮಿನಲ್ಲಿ ಮುಖ ನೋಡಿ ಹೇಳಬೇಕಾದ್ದನ್ನು ಕ್ಯಾಮೆರಾಗೆ ಹೇಳಿದರೆ ಹೀಗೇ ಆಗುವುದು.

ಶಾಂತ ಸ್ವಭಾವದವರು ಗೆಲ್ಲುವುದಿಲ್ಲವೇ? ಗೆಲ್ಲುತ್ತಾರೆ. ಕಾರ್ಲೊ ಆಂಚೆಲೊಟ್ಟಿ ಕೋಚ್ ಆಗಿ ಐದು ಸಲ ಚಾಂಪಿಯನ್ಸ್ ಲೀಗ್ ಗೆದ್ದಿದ್ದಾರೆ. ದನಿ ಏರಿಸಿದ್ದಕ್ಕಿಂತ ಹುಬ್ಬು ಏರಿಸಿದ್ದೇ ಜಾಸ್ತಿ. ಅವರ ರಿಯಲ್ ಮ್ಯಾಡ್ರಿಡ್ 2022ರ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮುಳುಗಿಹೋಗಿದ್ದಾಗ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದ ರೊಡ್ರಿಗೊ ಬದಲಿ ಆಟಗಾರ. 2024ರ ಸೆಮಿಫೈನಲ್‌ನಲ್ಲಿ ಬಯರ್ನ್ ವಿರುದ್ಧ ಕೊನೆಯಲ್ಲಿ ಎರಡು ಗೋಲು ಹೊಡೆದ ಹೊಸೆಲು ಕೂಡ ಬದಲಿ ಆಟಗಾರ. ಅದೂ ಎಸ್ಪಾನ್ಯೋಲ್‌ನಿಂದ ಎರವಲು ಬಂದವನು. ಫರ್ಗ್ಯುಸನ್ ಬೆಂಕಿ, ಆಂಚೆಲೊಟ್ಟಿ ನೀರು. ಇಬ್ಬರ ಬೆಂಚೂ ಗೆದ್ದಿತು. ಹಾಗಿದ್ದಮೇಲೆ ಬಿಸಿ ತಣ್ಣನೆಯ ಲೆಕ್ಕ ಎಲ್ಲಿ ಉಳಿಯಿತು?

ಪತ್ರ ಬರೆದವರು ಒಂದು ಪ್ರಶ್ನೆ ಕೇಳಬಹುದು. ಆಡದವನಿಗೆ ಕಾರಣ ಹೇಳುವುದೂ ಒಂದು ಬಗೆಯ ಪ್ರೀತಿಯೇ ಅಲ್ಲವೇ ಅಂತ. ನನಗೆ ಹಾಗನಿಸುವುದಿಲ್ಲ. ಯಾಕೆಂದರೆ ತುಂಬಾ ಪ್ರೀತಿ ಇರುವವನು ಅದನ್ನು ಮಾಡದೇ ಇರಬಹುದು. ನಮ್ಮ ಬೆಣ್ಣೆ ಕೋಚ್ ಮಾಡಲಿಲ್ಲ. ಪ್ರೀತಿ ಸ್ವಲ್ಪವೂ ಇಲ್ಲದವನು ಮಾಡಬಹುದು. ಅದು ಕೆಲಸದ ಶಿಸ್ತು, ಬೂಟಿನ ಲೇಸ್ ಕಟ್ಟಿದ ಹಾಗೆ.

ಇಲ್ಲಿ ಮಾರ್ಸೆಲೊ ಬಿಯೆಲ್ಸಾ ಅವರ ವಿಷಯ ಬರುತ್ತದೆ. ನನಗೆ ಎಲ್ಲರಿಗಿಂತ ಹೆಚ್ಚು ತಲೆ ತಿಂದ ಕೋಚ್ ಇವರೇ. ಅರ್ಜೆಂಟೀನಾದವರು. ಆಟಗಾರರಿಂದ ದೂರ ಇರುತ್ತಾರೆ. ಇಂಗ್ಲೆಂಡಿನ ಲೀಡ್ಸ್ ಕ್ಲಬ್‌ಗೆ ಬಂದಾಗ ಆಟಗಾರರಿಂದ ಮೂರು ಗಂಟೆ ಕಸ ಆಯಿಸಿದರು. ಒಬ್ಬ ಅಭಿಮಾನಿ ನಿಮ್ಮ ಆಟದ ಟಿಕೆಟ್ಟಿಗೆ ಎಷ್ಟು ಹೊತ್ತು ದುಡಿಯುತ್ತಾನೆ ಎಂದು ತಿಳಿಯಲಿ ಅಂತ. 2020ರಲ್ಲಿ ಅದೇ ತಂಡ 16 ವರ್ಷಗಳ ಮೇಲೆ ಪ್ರೀಮಿಯರ್ ಲೀಗ್‌ಗೆ ವಾಪಸು ಬಂತು. ಅಲ್ಲಿ ಬೆಳೆದ ಕ್ಯಾಲ್ವಿನ್ ಫಿಲಿಪ್ಸ್ ಇಂಗ್ಲೆಂಡ್‌ಗೆ ಮೊದಲ ಪಂದ್ಯ ಆಡಿದಾಗ ಬಿಯೆಲ್ಸಾ ತಾವು ಆಡಿದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್‌ನ ಹಳೆಯ ಅಂಗಿಯನ್ನು ಉಡುಗೊರೆ ಕೊಟ್ಟರು. ಆಮೇಲೆ ಉರುಗ್ವೆ ದೇಶದ ತಂಡಕ್ಕೆ ಕೋಚ್ ಆಗಿ ಹೋದರು. 2023ರಲ್ಲಿ ಬ್ರೆಜಿಲ್, ಅರ್ಜೆಂಟೀನಾ ಎರಡನ್ನೂ 2-0ರಿಂದ ಸೋಲಿಸಿದರು. ಸ್ವಭಾವ ಏನೂ ಬದಲಾಗಿರಲಿಲ್ಲ.

2024ರಲ್ಲಿ ಆ ತಂಡದಲ್ಲಿ ಆಡಿದ್ದ ಲೂಯಿಸ್ ಸುವಾರೆಸ್ ಬಿಯೆಲ್ಸಾ ಬಗ್ಗೆ ಬಾಯಿ ಬಿಟ್ಟರು. ಈ ಮನುಷ್ಯ ನಮಗೆ ಬೆಳಿಗ್ಗೆ ಒಂದು ನಮಸ್ಕಾರವನ್ನೂ ಹೇಳುವುದಿಲ್ಲ, ಕನಿಷ್ಠ ಅಷ್ಟಾದರೂ ಹೇಳಿ ಅಂತ ಸಭೆ ಮಾಡಿ ಕೇಳಬೇಕಾಯಿತು ಎಂದರು. ಎಲ್ಲ ಕಡೆ ಸುದ್ದಿಯಾಯಿತು. ನೋಡಿ, ತಣ್ಣನೆ ಕೋಚ್ ಅಂದರೆ ಹೀಗೆ ಎಂದು ಜನ ಮಾತಾಡಿದರು. ನಾನು ನೋಡಿದ್ದು ಬೇರೆ. ಆ ವರ್ಷದ ಕೋಪಾ ಅಮೆರಿಕ ಟೂರ್ನಿಯಲ್ಲಿ ಸುವಾರೆಸ್ ಬೆಂಚಿನಲ್ಲಿದ್ದರು. ಉರುಗ್ವೆಯ ಅತಿ ಹೆಚ್ಚು ಗೋಲುಗಳ ಸರದಾರ ಬೆಂಚಿನಲ್ಲಿ ಕೂತು ತಂಡ ನೋಡುತ್ತಿದ್ದರು. ಮೂರನೇ ಸ್ಥಾನದ ಪಂದ್ಯದಲ್ಲಿ ಕೆನಡಾ ವಿರುದ್ಧ ಇಳಿದು ಕೊನೆಯಲ್ಲಿ ಗೋಲು ಹೊಡೆದು ತಂಡವನ್ನು ಉಳಿಸಿದ್ದೂ ಅವರೇ. ಆಡುವ ಹನ್ನೊಂದರಲ್ಲಿ ಇದ್ದಿದ್ದರೆ ಅವರಿಗೆ ಆ ನಮಸ್ಕಾರ ಬೇಕಾಗುತ್ತಿತ್ತೇ? ಬೆಂಚಿನಲ್ಲಿ ಇರುವವನಿಗೆ ಕೋಚ್ ಬಾಯಿಂದ ಬರುವ ಮಾತೊಂದೇ ಆಸರೆ. ಅದೂ ಇಲ್ಲದಿದ್ದರೆ ನಮಸ್ಕಾರದ ಲೆಕ್ಕ ಶುರುವಾಗುತ್ತದೆ.

ದೂರದ ಕಥೆ ಸಾಕು. ನಮ್ಮ ಕಂಠೀರವಕ್ಕೇ ಬರುತ್ತೇನೆ. 2023ರ ಮಾರ್ಚ್ 3, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಆ ಸೀಸನ್‌ನಲ್ಲಿ ಬೆಂಗಳೂರಿನ ಕೋಚ್ ಸೈಮನ್ ಗ್ರೇಸನ್ ಸುನಿಲ್ ಛೆಟ್ರಿಯವರನ್ನು ಎಷ್ಟೋ ಪಂದ್ಯಗಳಲ್ಲಿ ಬೆಂಚಿನಲ್ಲಿ ಕೂರಿಸಿದ್ದರು. ಭಾರತದ ಅತಿ ಹೆಚ್ಚು ಗೋಲುಗಳ ಆಟಗಾರ, 38 ವರ್ಷ, ಬೆಂಚಿನಲ್ಲಿ! ವೆಸ್ಟ್ ಬ್ಲಾಕ್‌ನ ಅಭಿಮಾನಿ ಹುಡುಗರಿಗೆ ಮೊದಮೊದಲು ಸಿಟ್ಟು. ಆದರೆ ಛೆಟ್ರಿ ಅವತ್ತೂ ಬೆಂಚಿನಿಂದ ಇಳಿದರು. ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಅಡ್ಡಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಒದ್ದು ಗೋಲು ಮಾಡಿದರು. ನಾಲ್ಕು ದಿನ ಬಿಟ್ಟು ಮುಂಬೈಯಲ್ಲಿ ಸೆಮಿಫೈನಲ್‌ನ ಮೊದಲ ಪಂದ್ಯ. ಮತ್ತೆ ಬೆಂಚಿನಿಂದ ಇಳಿದು ತಲೆಯಿಂದ ಗೋಲು. ಬೆಂಚಿನ ಮೇಲೆ ಮುನಿಸಿಕೊಂಡು ಕೂತವನ ಕಣ್ಣಿಗೆ ಆ ಗೋಡೆ ಇನ್ನೂ ಕಟ್ಟಿಲ್ಲ ಅನ್ನುವುದು ಕಾಣುವುದಿಲ್ಲ.

ಅದೇ ಮಾರ್ಚ್ 3ರ ರಾತ್ರಿ ಎದುರಿನ ಬೆಂಚಿನಲ್ಲಿ ಇದ್ದವರು ಇವಾನ್ ವುಕೊಮಾನೊವಿಚ್. ಕೇರಳದವರಿಗೆ ಅವರು ಪ್ರೀತಿಯ 'ಆಶಾನ್', ಅಂದರೆ ಗುರು. ಐಎಸ್‌ಎಲ್‌ನಲ್ಲಿ ಅಷ್ಟು ಅಕ್ಕರೆಯ ಕೋಚ್ ಇನ್ನೊಬ್ಬರಿರಲಿಲ್ಲ ಎಂದರೂ ತಪ್ಪಲ್ಲ. ಗೋಲು ಕೊಟ್ಟದ್ದು ಸರಿಯಲ್ಲ ಎಂದು ಅವರು ಕೈ ಬೀಸಿ ಕರೆದರು. ಇಡೀ ತಂಡ ಒಬ್ಬರೂ ಬಿಡದಂತೆ ಮೈದಾನ ಬಿಟ್ಟು ಅವರ ಹಿಂದೆ ಹೊರಟಿತು. ಪಂದ್ಯ ಹೋಯಿತು. ಕ್ಲಬ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಅಷ್ಟು ಪ್ರೀತಿಯ ಕೋಚ್ ಕರೆದಾಗ ಬೇಡ ಸಾರ್, ಇನ್ನೂ ಸಮಯ ಇದೆ, ಆಡೋಣ ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಗೋಲು ನ್ಯಾಯವಾಗಿತ್ತೇ ಎಂದು ನೀವು ನನ್ನನ್ನು ಕೇಳಿಯೇ ಕೇಳುತ್ತೀರಿ. ಬಾವುಟ ಬಿಟ್ಟು ವರ್ಷಗಳಾದವು, ಆ ಗಲಾಟೆಗೆ ನನ್ನನ್ನು ಎಳೆಯಬೇಡಿ.

ಭಾರತದ ಕೋಚ್‌ಗಳಲ್ಲಿ ಪಿ.ಕೆ. ಬ್ಯಾನರ್ಜಿಯವರ ಮಾತಿನ ಶಕ್ತಿ ನನಗೂ ಗೊತ್ತು. ಅದನ್ನು 'ವೋಕಲ್ ಟಾನಿಕ್' ಎಂದೇ ಕರೆಯುತ್ತಿದ್ದರು. 1997ರಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ 1,31,000 ಜನ ಸೇರಿದ್ದರು. ಮೋಹನ್ ಬಗಾನ್ ಕೋಚ್ ಅಮಲ್ ದತ್ತಾ ಎದುರಾಳಿ ಈಸ್ಟ್ ಬೆಂಗಾಲ್ ಆಟಗಾರರಿಗೆ ಅಡ್ಡಹೆಸರಿಟ್ಟು ಗೇಲಿ ಮಾಡಿದ್ದರು. ಬೈಚುಂಗ್ ಭುಟಿಯಾ ಅವರನ್ನೂ ಬಿಟ್ಟಿರಲಿಲ್ಲ. ಭುಟಿಯಾ ಹ್ಯಾಟ್ರಿಕ್ ಹೊಡೆದರು, ಪಿ.ಕೆ. ಅವರ ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಮಾತಿಗೆ ಬೆಲೆ ಇಲ್ಲ ಅಂತ ಯಾರು ಹೇಳಿಯಾರು? ಆದರೆ ಅದು ಒಂದು ದಿನದ, ಒಂದು ಪಂದ್ಯದ ಮಾತು. ಲೀಗ್ ನಡೆಯುವುದು ತಿಂಗಳುಗಟ್ಟಲೆ. ಟಾನಿಕ್‌ನಿಂದ ಅಷ್ಟು ದಿನ ಹೊಟ್ಟೆ ತುಂಬುವುದಿಲ್ಲ.

ಇನ್ನೊಂದು ವಿಷಯ. ನಾನು ಮೈದಾನದಲ್ಲಿ ಇದ್ದಾಗ ಬೆಂಚಿನಿಂದ ಇಬ್ಬರೋ ಮೂವರೋ ಇಳಿಯುತ್ತಿದ್ದರು, ಅಷ್ಟೇ. 2020ರಲ್ಲಿ ಕೋವಿಡ್ ಕಾರಣಕ್ಕೆ ಐದು ಬದಲಾವಣೆ ತಂದರು. 2022ರಲ್ಲಿ ಅದನ್ನು ಕಾಯಂ ನಿಯಮ ಮಾಡಿದರು. ಗೋಲ್‌ಕೀಪರ್ ಬಿಟ್ಟರೆ ತಂಡದ ಅರ್ಧ ಈಗ ಬೆಂಚಿನಿಂದ ಬರಬಹುದು. ಹಿಂದೆ ಬೆಂಚನ್ನು ಮರೆತ ಕೋಚ್ ಹೇಗೋ ನಡೆಸಿಕೊಂಡು ಹೋಗುತ್ತಿದ್ದ. ಈಗ ಎಪ್ಪತ್ತನೇ ನಿಮಿಷಕ್ಕೆ ಸಿಕ್ಕಿಬೀಳುತ್ತಾನೆ.

ಮಕ್ಕಳ ಅಕಾಡೆಮಿಗಳ ಮಾತು ಬೇರೆ, ಅದನ್ನು ಇದಕ್ಕೆ ಸೇರಿಸಬೇಡಿ. ಹತ್ತು ವರ್ಷದ ಹುಡುಗನ ಮೇಲೆ ಕೂಗಾಡುವ ಕೋಚ್ ನಮ್ಮ ಬಡಾವಣೆಯ ಮೈದಾನದಲ್ಲೂ ಇದ್ದಾನೆ. ಅವನಿಗೆ ಫರ್ಗ್ಯುಸನ್ ಹೆಸರು ಹೇಳುವ ಹಕ್ಕು ಇಲ್ಲ. ಮಗುವಿಗೆ ಸಂಬಳ ಇಲ್ಲ, ಕಾಂಟ್ರ್ಯಾಕ್ಟ್ ಇಲ್ಲ. ಅದು ಆಡಲು ಬಂದಿದೆ, ಆಡಿಸಿ.

ಸಂಪಾದಕರಲ್ಲಿ ಒಂದು ಕೋರಿಕೆ. ಪಂದ್ಯ ಮುಗಿದ ಮೇಲೆ ನಿಮ್ಮ ವರದಿಗಾರರು ಗೋಲು ಹೊಡೆದವನನ್ನು, ಕ್ಯಾಪ್ಟನ್ನನ್ನು, ಕೋಚನ್ನು ಮಾತಾಡಿಸುತ್ತಾರೆ. ಕೋಚ್ ಬಗ್ಗೆ ಕೇಳಿದರೆ ಗೆದ್ದ ದಿನ ಎಲ್ಲರೂ ತಂದೆಯ ಸಮಾನ ಅಂತಾರೆ. ಅದನ್ನೇ ನೀವೂ ಅಚ್ಚು ಹಾಕುತ್ತೀರಿ. ಮುಂದಿನ ಸೀಸನ್‌ನಿಂದ ಒಂದು ಬದಲಾವಣೆ ಮಾಡಿ ನೋಡಿ. ಕೋಚ್‌ಗಳ ಪತ್ರಿಕಾಗೋಷ್ಠಿಯಲ್ಲಿ, ಇವತ್ತು ಇಂಥವನನ್ನು ಇಳಿಸಲಿಲ್ಲವಲ್ಲ, ಅವನಿಗೆ ಅದು ಗೊತ್ತಾದದ್ದು ಯಾವಾಗ, ಯಾರಿಂದ ಎಂದು ಕೇಳಿಸಿ. ಆ ಆಟಗಾರನನ್ನೂ ಹುಡುಕಿ ಅದೇ ಪ್ರಶ್ನೆ ಹಾಕಿಸಿ. ಕ್ಲಬ್‌ನ ಮಾಧ್ಯಮದವರು ಅಡ್ಡ ಬರುತ್ತಾರೆ, ಸುಮ್ನೆ ಬಿಡುವುದಿಲ್ಲ. ಆದರೆ ಬಸ್ಸಿಗೆ ಹತ್ತುವ ಮೊದಲು ಬದಲಿ ಆಟಗಾರರು ಮೈದಾನದಲ್ಲೇ ಉಳಿದು ಹತ್ತು ನಿಮಿಷ ಓಡುತ್ತಾರೆ. ಆಡಿದವರೆಲ್ಲ ಒಳಗೆ ಹೋಗಿರುತ್ತಾರೆ, ಅವರ ಹತ್ತಿರ ಆಗ ಯಾರೂ ಇರುವುದಿಲ್ಲ.

ಇತಿ,
ಒಬ್ಬ ನಿವೃತ್ತ ಲೈನ್ಸ್‌ಮನ್
ಆಸ್ಟಿನ್ ಟೌನ್, ಬೆಂಗಳೂರು